ಎಚ್‌ಐವಿ ಔಷಧಗಳು ಮತ್ತು ಅವಕಾಶವಾದಿ ಸೋಂಕುಗಳ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಚ್‌ಐವಿ ಸೋಂಕು ಖಚಿತವಾದ ಮೇಲೆ ಒಬ್ಬರ ಕೈಗೆ ಎರಡು ಬಗೆಯ ಮಾತ್ರೆಗಳು ಬರಬಹುದು. ಮೊದಲನೆಯದು ವೈರಸ್ಸನ್ನು ಹತ್ತಿಕ್ಕುವಂಥದ್ದು. ಅದನ್ನು ಜೀವನಪರ್ಯಂತ ಸೇವಿಸಬೇಕು. ಎರಡನೆಯದು, ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುವವರೆಗೆ ಬೇರೆ ಸೋಂಕುಗಳು ಬಾರದಂತೆ ಕಾಯುವಂಥದ್ದು. ಅದಕ್ಕೆ ಸಾಮಾನ್ಯವಾಗಿ ಒಂದು ಕೊನೆಯಿರುತ್ತದೆ. ಈ ವ್ಯತ್ಯಾಸ ಸರಿಯಾಗಿ ತಿಳಿಯದ ಕಾರಣಕ್ಕೆ ನಿಲ್ಲಿಸಲೇಬಾರದ ಮಾತ್ರೆಯನ್ನು ನಿಲ್ಲಿಸಿ ಆಪತ್ತಿಗೆ ಸಿಲುಕುವವರಿದ್ದಾರೆ. ಕೆಳಗಿನ ಉತ್ತರಗಳನ್ನು ಈ ಎರಡು ಎಳೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡೇ ಬರೆಯಲಾಗಿದೆ. ಯಾರಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸಬೇಕು.

ಎಆರ್‌ಟಿ ಎಂದರೇನು? ಅದು ದೇಹದಲ್ಲಿ ಏನು ಮಾಡುತ್ತದೆ?

ಎಚ್‌ಐವಿ ವಿರುದ್ಧ ಕೆಲಸ ಮಾಡುವ ಔಷಧಗಳನ್ನು ಒಟ್ಟುಗೂಡಿಸಿ ನೀಡುವ ಚಿಕಿತ್ಸೆಯೇ ಆಂಟಿರೆಟ್ರೋವೈರಲ್ ಚಿಕಿತ್ಸೆ, ಅಂದರೆ ಎಆರ್‌ಟಿ. ಎಚ್‌ಐವಿ ವೈರಸ್ ನಮ್ಮ ರೋಗನಿರೋಧಕ ವ್ಯವಸ್ಥೆಯ ಮುಖ್ಯ ಅಂಗವಾದ ಸಿಡಿ4 ಜೀವಕೋಶಗಳನ್ನು ಹೊಕ್ಕು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ರೂಪಕ್ಕೆ ತಂದುಕೊಂಡು, ಅದನ್ನು ಆ ಜೀವಕೋಶದ ಡಿಎನ್‌ಎಯೊಳಗೆ ಸೇರಿಸಿ, ಅಲ್ಲಿಂದ ಹೊಸ ವೈರಸ್‌ಗಳನ್ನು ಹುಟ್ಟಿಸುತ್ತದೆ. ಎಆರ್‌ಟಿ ಔಷಧಗಳು ಈ ಪ್ರಕ್ರಿಯೆಯನ್ನು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ತಡೆಯುತ್ತವೆ. ಹೊಸ ವೈರಸ್ ಹುಟ್ಟುವುದು ನಿಂತಾಗ ಸಿಡಿ4 ಜೀವಕೋಶಗಳ ಸಂಖ್ಯೆ ನಿಧಾನವಾಗಿ ಏರತೊಡಗುತ್ತದೆ. ಆದರೆ ಈಗಾಗಲೇ ಸೋಂಕು ತಗುಲಿ, ದೇಹದಲ್ಲಿ ನಿದ್ರಾವಸ್ಥೆಯಲ್ಲಿರುವ ಜೀವಕೋಶಗಳನ್ನು ಈ ಔಷಧಗಳು ಮುಟ್ಟಲಾರವು. ಔಷಧ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಹುತೇಕರಲ್ಲಿ ವೈರಸ್ ಮತ್ತೆ ರಕ್ತದಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಯಾವ ಯಾವ ಔಷಧಗಳಿವೆ? ಒಂದೇ ಔಷಧ ಸಾಲದೇ?

ಸಾಲದು, ಮತ್ತು ಇದು ಬಹಳ ಬೆಲೆ ತೆತ್ತು ಕಲಿತ ಪಾಠ. ಎಚ್‌ಐವಿಗೆಂದು ಒಪ್ಪಿಗೆ ಪಡೆದ ಮೊದಲ ಔಷಧ ಜಿಡೋವುಡಿನ್ 1987ರಲ್ಲಿ ಬಂದಾಗ ಅದನ್ನು ಒಂಟಿಯಾಗಿಯೇ ಕೊಡುತ್ತಿದ್ದರು. ತಿಂಗಳುಗಳು ಉರುಳುವಷ್ಟರಲ್ಲಿ ವೈರಸ್ ರೂಪಾಂತರಗೊಂಡು ಆ ಔಷಧಕ್ಕೆ ಬಗ್ಗದಂತಾಗುತ್ತಿತ್ತು. 1996ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲಷ್ಟೇ, ಅದು ದೊರೆತ ಕಡೆಗಳಲ್ಲಿ ಏಡ್ಸ್ ಸಾವುಗಳು ತೀವ್ರವಾಗಿ ಇಳಿದವು. ಒಂದು ಔಷಧದಿಂದ ತಪ್ಪಿಸಿಕೊಳ್ಳಬಲ್ಲ ರೂಪಾಂತರ ವೈರಸ್ಸಿಗೆ ಸುಲಭವಾಗಿ ಒದಗುತ್ತದೆ; ಮೂರರಿಂದಲೂ ಏಕಕಾಲಕ್ಕೆ ತಪ್ಪಿಸಿಕೊಳ್ಳುವುದು ಅದಕ್ಕೆ ಬಹಳ ಕಷ್ಟ. ಇಂದು ಕೆಲವರಿಗೆ ಎರಡು ಪ್ರಬಲ ಔಷಧಗಳ ಜೋಡಿಯೂ ಸಾಕಾಗುತ್ತದೆ, ಆದರೆ ಅದನ್ನು ಪರೀಕ್ಷೆಗಳ ಆಧಾರದ ಮೇಲೆ ಆರಿಸಿದವರಿಗೆ ಮಾತ್ರ ಕೊಡಲಾಗುತ್ತದೆ.

ಔಷಧಗಳನ್ನು ಅವು ತಡೆಯುವ ಹಂತಕ್ಕೆ ಅನುಗುಣವಾಗಿ ಗುಂಪು ಮಾಡುತ್ತಾರೆ. ಟೆನೊಫೊವಿರ್, ಲ್ಯಾಮಿವುಡಿನ್, ಎಮ್‌ಟ್ರಿಸಿಟಾಬಿನ್, ಅಬಾಕವಿರ್ ಮತ್ತು ಜಿಡೋವುಡಿನ್ ಔಷಧಗಳು ಆರ್‌ಎನ್‌ಎಯಿಂದ ಡಿಎನ್‌ಎ ತಯಾರಾಗುವಾಗ ಸರಪಳಿಯನ್ನು ಅರ್ಧಕ್ಕೇ ತುಂಡರಿಸುತ್ತವೆ. ಎಫಾವಿರೆಂಜ್, ನೆವಿರಾಪಿನ್ ಮತ್ತು ರಿಲ್ಪಿವಿರಿನ್ ಅದೇ ಹಂತದ ಕಿಣ್ವಕ್ಕೆ ಬೇರೊಂದು ಬಗೆಯಲ್ಲಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಡೊಲುಟೆಗ್ರಾವಿರ್, ಬಿಕ್ಟೆಗ್ರಾವಿರ್ ಮತ್ತು ರಾಲ್ಟೆಗ್ರಾವಿರ್ ವೈರಸ್ಸಿನ ಡಿಎನ್‌ಎ ನಮ್ಮ ಡಿಎನ್‌ಎಯೊಂದಿಗೆ ಬೆಸೆದುಕೊಳ್ಳದಂತೆ ತಡೆಯುತ್ತವೆ. ಅಟಜನಾವಿರ್, ದರುನಾವಿರ್ ಮತ್ತು ಲೊಪಿನಾವಿರ್ ಹೊಸ ವೈರಸ್ ಪಕ್ವವಾಗದಂತೆ ನೋಡಿಕೊಳ್ಳುತ್ತವೆ. ಇವುಗಳ ಪ್ರಮಾಣ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲೆಂದು ಸಾಮಾನ್ಯವಾಗಿ ಅಲ್ಪ ಪ್ರಮಾಣದ ರಿಟೊನಾವಿರ್ ಸೇರಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ವಯಸ್ಕರಿಗೆ ಮೊದಲ ಆಯ್ಕೆಯಾಗಿ ಸೂಚಿಸುತ್ತಿರುವ ಜೋಡಣೆಯಲ್ಲಿ ಡೊಲುಟೆಗ್ರಾವಿರ್ ಮುಖ್ಯವಾದುದು. ಟೆನೊಫೊವಿರ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300 ಮಿ.ಗ್ರಾಂ. ಮತ್ತು ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಇರುವ ಒಂದೇ ಮಾತ್ರೆಯನ್ನು ಟಿಎಲ್‌ಡಿ ಎಂದು ಕರೆಯುತ್ತಾರೆ. ದಿನಕ್ಕೊಂದು ಮಾತ್ರೆ, ಊಟಕ್ಕೆ ಮುಂಚೆಯಾಗಲಿ ನಂತರವಾಗಲಿ. ಹಿಂದೆ ದಿನಕ್ಕೆ ಹಲವು ಬಾರಿ, ಹಿಡಿ ತುಂಬ ಮಾತ್ರೆ ನುಂಗಿದವರನ್ನು ನೆನೆದರೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದು ತಿಳಿಯುತ್ತದೆ.

ನನಗೆ ಯಾವ ತೊಂದರೆಯೂ ಇಲ್ಲ. ಆದರೂ ಈಗಲೇ ಆರಂಭಿಸಬೇಕೇ?

ಹೌದು. ಸಿಡಿ4 ಸಂಖ್ಯೆ ಇಳಿಯುವವರೆಗೆ ಕಾಯುವ ಪದ್ಧತಿ ಹಿಂದೆ ಇತ್ತು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು, ಸಿಡಿ4 ಚೆನ್ನಾಗಿದ್ದಾಗಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು ಗಣನೀಯವಾಗಿ ಕಡಿಮೆ ಎಂಬುದನ್ನು ಸ್ಪಷ್ಟಪಡಿಸಿದವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಇರುವ ಎಲ್ಲರಿಗೂ ಚಿಕಿತ್ಸೆ ಕೊಡಬೇಕೆಂದು ಸೂಚಿಸಿತು. ವ್ಯಕ್ತಿ ಸಿದ್ಧರಿದ್ದರೆ ಸೋಂಕು ಖಚಿತವಾದ ದಿನವೇ, ಇಲ್ಲವಾದರೆ ಏಳು ದಿನಗಳೊಳಗೆ ಆರಂಭಿಸುವುದು ಈಗಿನ ಪದ್ಧತಿ.

ಇದಕ್ಕೆ ಒಂದು ಮುಖ್ಯ ಅಪವಾದವಿದೆ. ಮೆದುಳಿನ ಪೊರೆಗೆ ಕ್ಷಯ ಅಥವಾ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ ಸೋಂಕು ತಗುಲಿದ್ದರೆ ಮೊದಲು ಅದರ ಚಿಕಿತ್ಸೆ ಆರಂಭಿಸಿ, ಕೆಲವು ವಾರಗಳ ಬಳಿಕ ಎಆರ್‌ಟಿ ಕೊಡುತ್ತಾರೆ. ಆದ್ದರಿಂದ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಜ್ವರ ಅಥವಾ ಗೊಂದಲದ ಸ್ಥಿತಿ ಇದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಬೇಕು.

ಚಿಕಿತ್ಸೆಗೆ ಮುನ್ನ ಯಾವ ಪರೀಕ್ಷೆಗಳು ಬೇಕು?

ಸಿಡಿ4 ಸಂಖ್ಯೆ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ ಹಾಗೂ ಕ್ಷಯದ ತಪಾಸಣೆ ಸಾಮಾನ್ಯವಾದವು. ಅಬಾಕವಿರ್ ಕೊಡುವ ಮುನ್ನ, ಸೌಲಭ್ಯವಿರುವಲ್ಲಿ, ಎಚ್‌ಎಲ್‌ಎ-ಬಿ 5701 ಎಂಬ ಜೀನಿನ ಪರೀಕ್ಷೆ ಮಾಡುತ್ತಾರೆ.

ಇವುಗಳ ಪೈಕಿ ಹೆಪಟೈಟಿಸ್ ಬಿ ಫಲಿತಾಂಶವನ್ನು ಪ್ರತಿಯೊಬ್ಬರೂ ಕೇಳಿ ತಿಳಿದುಕೊಂಡಿರಬೇಕು. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ವೈರಸ್ಸನ್ನೂ ಹತ್ತಿಕ್ಕುತ್ತವೆ. ಎರಡು ಸೋಂಕುಗಳೂ ಇರುವವರು ಇವನ್ನು ಹಠಾತ್ತಾಗಿ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಭುಗಿಲೇಳಬಹುದು. ಮುಂದೆಂದಾದರೂ ಔಷಧ ಬದಲಿಸುವಾಗ ಈ ವಿಷಯ ಕಡತದಲ್ಲಷ್ಟೇ ಇರದೆ ನಿಮಗೂ ತಿಳಿದಿದ್ದರೆ ಒಂದು ದೊಡ್ಡ ಅಪಾಯ ತಪ್ಪುತ್ತದೆ.

ಪರೀಕ್ಷೆಗಳ ಫಲಿತಾಂಶ ತಡವಾಗುತ್ತದೆಂಬ ಒಂದೇ ಕಾರಣಕ್ಕೆ ಚಿಕಿತ್ಸೆಯನ್ನು ಮುಂದೂಡುವುದು ಸಾಮಾನ್ಯವಾಗಿ ಸರಿಯಲ್ಲ.

ಅಡ್ಡಪರಿಣಾಮಗಳಿಗೆ ಹೆದರಬೇಕೇ?

ತಿಳಿದಿರಬೇಕು, ಹೆದರಬೇಕಾಗಿಲ್ಲ. ಮೊದಲ ಕೆಲವು ವಾರಗಳಲ್ಲಿ ವಾಕರಿಕೆ, ತಲೆನೋವು, ನಿದ್ರೆಯ ಏರುಪೇರು ಕಾಣಿಸಿಕೊಂಡು ಬಹುತೇಕರಲ್ಲಿ ತಾವಾಗಿಯೇ ಶಮನವಾಗುತ್ತವೆ. ಡೊಲುಟೆಗ್ರಾವಿರ್‌ನಿಂದ ನಿದ್ರೆ ಬರದಿದ್ದರೆ ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳುವುದರಿಂದ ಹಲವರಿಗೆ ಅನುಕೂಲವಾಗುತ್ತದೆ. ಈ ಔಷಧ ಸೇವಿಸುವ ಕೆಲವರ ತೂಕ ಹೆಚ್ಚುತ್ತದೆ. ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಸ್ಥಿತಿಯನ್ನು ಅಳೆಯಲು ನೋಡುವ ಕ್ರಿಯಾಟಿನಿನ್ ತುಸು ಏರಿದಂತೆ ಕಾಣುವುದೂ ಉಂಟು. ಮೂತ್ರಪಿಂಡದಿಂದ ಅದು ಹೊರಹೋಗುವ ಒಂದು ದಾರಿಯನ್ನು ಔಷಧ ತಡೆಯುವುದರಿಂದ ಹೀಗಾಗುತ್ತದೆಯೇ ಹೊರತು ಮೂತ್ರಪಿಂಡ ಕೆಟ್ಟಿದೆ ಎಂದು ಅರ್ಥವಲ್ಲ. ಆದರೆ ಜೊತೆಗಿರುವ ಟೆನೊಫೊವಿರ್ ಮೂತ್ರಪಿಂಡ ಮತ್ತು ಮೂಳೆಗಳಿಗೆ ನಿಜವಾಗಿಯೂ ತೊಂದರೆ ಕೊಡಬಲ್ಲದಾದ್ದರಿಂದ, ಅದರಲ್ಲೂ ಮಧುಮೇಹ ಅಥವಾ ರಕ್ತದೊತ್ತಡ ಇರುವವರಲ್ಲಿ, ಈ ಏರಿಕೆಯನ್ನು ವೈದ್ಯರೇ ಅರ್ಥೈಸಬೇಕು.

ಎಫಾವಿರೆಂಜ್ ತಲೆಸುತ್ತು, ವಿಚಿತ್ರ ಕನಸು, ಕೆಲವರಲ್ಲಿ ಖಿನ್ನತೆಯನ್ನೂ ತರಬಹುದು. ಜಿಡೋವುಡಿನ್ ರಕ್ತಹೀನತೆಗೆ ಕಾರಣವಾಗಬಹುದು. ಅಟಜನಾವಿರ್ ಸೇವಿಸುವವರ ಕಣ್ಣಿನ ಬಿಳಿಭಾಗ ಹಳದಿಯಾಗುವುದುಂಟು. ಕನ್ನಡಿಯಲ್ಲಿ ಅದನ್ನು ಕಂಡು ಕಾಮಾಲೆಯೆಂದು ಗಾಬರಿಯಾಗಿ ಮಾತ್ರೆ ಬಿಡುವವರಿದ್ದಾರೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತುವಿನ ಏರಿಕೆಯೊಂದೇ ಕಾರಣವಾಗಿದ್ದರೆ ಅದು ಯಕೃತ್ತಿಗೆ ಹಾನಿ ಮಾಡುವುದಿಲ್ಲ, ಆದರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ನೋಡುವವರ ಪ್ರಶ್ನೆಗಳಿಂದ ಮುಜುಗರವಾಗುತ್ತಿದ್ದರೆ ಅದನ್ನು ಹೇಳಿಕೊಳ್ಳಿ. ಬೇರೆ ಔಷಧ ಕೇಳಲು ಅದೂ ಒಂದು ನ್ಯಾಯವಾದ ಕಾರಣ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಬೇರೆಯೇ ಇವೆ. ಮೈಮೇಲೆ ಗಂಧೆ ಎದ್ದು ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು ಅಥವಾ ಚರ್ಮ ಸುಲಿಯುವುದು ಕಂಡರೆ ಅದು ನೆವಿರಾಪಿನ್ ಅಥವಾ ಸಲ್ಫಾ ಔಷಧದ (ಮುಂದೆ ಹೇಳಿರುವ ಕೋಟ್ರೈಮಾಕ್ಸಜೋಲ್‌ನಂಥದ್ದು) ತೀವ್ರ ಪ್ರತಿಕ್ರಿಯೆಯಾಗಿರಬಹುದು. ಅಬಾಕವಿರ್ ಆರಂಭಿಸಿದ ಮೊದಲ ಆರು ವಾರಗಳಲ್ಲಿ ಜ್ವರ, ಗಂಧೆ, ವಾಂತಿ, ಉಸಿರಾಟದ ತೊಂದರೆ ಒಟ್ಟೊಟ್ಟಿಗೆ ಬಂದರೆ ಅದು ಅತಿಸೂಕ್ಷ್ಮತೆಯ ಪ್ರತಿಕ್ರಿಯೆ ಇರಬಹುದು. ಹೀಗಾಗಿದೆ ಎಂದು ವೈದ್ಯರು ಹೇಳಿ ಔಷಧ ನಿಲ್ಲಿಸಿದ ಮೇಲೆ ಅಬಾಕವಿರ್ ಇರುವ ಯಾವ ಮಾತ್ರೆಯನ್ನೂ ಮತ್ತೆಂದೂ ಸೇವಿಸಬಾರದು, ಏಕೆಂದರೆ ಎರಡನೆಯ ಬಾರಿಯ ಪ್ರತಿಕ್ರಿಯೆ ಪ್ರಾಣಕ್ಕೇ ಎರವಾಗಬಹುದು.

ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ಏನು ಮಾಡಬೇಕು?

ನೆನಪಾದ ಕೂಡಲೇ ತೆಗೆದುಕೊಳ್ಳಿ. ದಿನವೂ ರಾತ್ರಿ ಒಂಬತ್ತಕ್ಕೆ ಟಿಎಲ್‌ಡಿ ಮಾತ್ರೆ ಸೇವಿಸುವವರು ಒಂದು ರಾತ್ರಿ ಮರೆತು, ಮರುದಿನ ಬೆಳಿಗ್ಗೆ ಎಂಟಕ್ಕೆ ನೆನಪಿಸಿಕೊಂಡರು ಎಂದುಕೊಳ್ಳೋಣ. ಅವರು ಬೆಳಿಗ್ಗೆಯೇ ಆ ಮಾತ್ರೆಯನ್ನು ಸೇವಿಸಿ, ಅಂದಿನ ರಾತ್ರಿ ಒಂಬತ್ತಕ್ಕೆ ಎಂದಿನ ಮಾತ್ರೆಯನ್ನೂ ಸೇವಿಸಬಹುದು. ನೆನಪಾದದ್ದು ಸಂಜೆ ಐದರ ನಂತರವಾದರೆ, ಅಂದರೆ ಮುಂದಿನ ಮಾತ್ರೆಗೆ ನಾಲ್ಕು ಗಂಟೆಯೂ ಉಳಿದಿಲ್ಲವಾದರೆ, ತಪ್ಪಿದ್ದನ್ನು ಬಿಟ್ಟು ರಾತ್ರಿಯದನ್ನು ಮಾತ್ರ ಸೇವಿಸಬೇಕು. ಎರಡನ್ನು ಒಟ್ಟಿಗೆ ನುಂಗಬಾರದು. ಮಾತ್ರೆ ಸೇವಿಸಿದ ಒಂದು ಗಂಟೆಯೊಳಗೆ ವಾಂತಿಯಾದರೆ ಸಾಮಾನ್ಯವಾಗಿ ಇನ್ನೊಂದು ಮಾತ್ರೆ ಸೇವಿಸಲು ಹೇಳುತ್ತಾರೆ. ಬೇರೆ ಔಷಧಗಳಿಗೆ ಈ ಲೆಕ್ಕ ತುಸು ಬದಲಾಗುವುದರಿಂದ ಔಷಧ ಕೊಡುವವರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಅಪರೂಪಕ್ಕೊಮ್ಮೆ ಮರೆತರೆ ಚಿಕಿತ್ಸೆ ಹಾಳಾಗುವುದಿಲ್ಲ. ಅಪಾಯವಿರುವುದು ಮತ್ತೆ ಮತ್ತೆ ಬಿಟ್ಟುಹೋಗುವುದರಲ್ಲಿ. ರಕ್ತದಲ್ಲಿ ಔಷಧದ ಮಟ್ಟ ಅರ್ಧಂಬರ್ಧ ಇದ್ದಾಗ ವೈರಸ್ ಬೆಳೆಯುತ್ತದೆ, ಮತ್ತು ಬೆಳೆಯುವಾಗ ಆ ಔಷಧವನ್ನು ತಾಳಿಕೊಳ್ಳಬಲ್ಲ ರೂಪಾಂತರಗಳೇ ಉಳಿದುಕೊಳ್ಳುತ್ತವೆ. ಇದನ್ನೇ ಔಷಧ ಪ್ರತಿರೋಧ ಎನ್ನುವುದು. ಒಮ್ಮೆ ಬಂದ ಪ್ರತಿರೋಧ ದೇಹದ ವೈರಸ್ ಸಂಗ್ರಹದಲ್ಲಿ ಉಳಿದುಬಿಡುವುದರಿಂದ ಮುಂದಿನ ಆಯ್ಕೆಗಳು ಕಡಿಮೆಯಾಗುತ್ತವೆ. "ಆಗಾಗ ವಿರಾಮ ಕೊಟ್ಟರೆ ದೇಹಕ್ಕೆ ಒಳ್ಳೆಯದಲ್ಲವೇ" ಎಂದೂ ಹಲವರು ಕೇಳುತ್ತಾರೆ. ಅದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಲಾಗಿದೆ. ಸಿಡಿ4 ನೋಡಿಕೊಂಡು ಔಷಧ ನಿಲ್ಲಿಸಿ ಮತ್ತೆ ಆರಂಭಿಸಿದವರಲ್ಲಿ ಕಾಯಿಲೆಯೂ ಸಾವೂ ಹೆಚ್ಚಾದವೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮಾತ್ರೆ ತಪ್ಪುವುದು ಹೆಚ್ಚಿನ ಬಾರಿ ಅಸಡ್ಡೆಯಿಂದಲ್ಲ. ಮನೆಯವರಿಗೆ ತಿಳಿದೀತೆಂಬ ಭಯ, ಪ್ರಯಾಣ, ಪಾಳಿ ಕೆಲಸ, ಖಿನ್ನತೆ, ಮದ್ಯಪಾನ ಇಂಥವು ಕಾರಣವಾಗುತ್ತವೆ. ಆಪ್ತಸಮಾಲೋಚಕರ ಮುಂದೆ ನಿಜವಾದ ಕಾರಣ ಹೇಳಿದರೆ ಪರಿಹಾರಕ್ಕೆ ದಾರಿ ಸಿಗುತ್ತದೆ. "ಒಂದೂ ತಪ್ಪಿಸಿಲ್ಲ" ಎಂಬ ಸುಳ್ಳು ಹೇಳಿದರೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಏರಿದಾಗ ಕೆಲಸ ಮಾಡುತ್ತಿರುವ ಔಷಧವನ್ನೇ ವಿಫಲವೆಂದು ಬದಲಿಸುವ ಸಾಧ್ಯತೆ ಇರುತ್ತದೆ.

ಔಷಧ ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಹೇಗೆ?

ವೈರಲ್ ಲೋಡ್ ಪರೀಕ್ಷೆಯಿಂದ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂಬುದನ್ನು ಅದು ಹೇಳುತ್ತದೆ. ಚಿಕಿತ್ಸೆ ಆರಂಭಿಸಿದ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. 50ಕ್ಕಿಂತ ಕಡಿಮೆಯಿದ್ದರೆ ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆ. 1000ಕ್ಕಿಂತ ಹೆಚ್ಚಿದ್ದರೆ ಮೊದಲು ಮಾತ್ರೆ ಸೇವನೆಯ ತೊಡಕುಗಳನ್ನು ಬಗೆಹರಿಸಿ, ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಇಳಿಯದಿದ್ದರೆ ಔಷಧ ಬದಲಿಸುವ ಯೋಚನೆ ಮಾಡುತ್ತಾರೆ. ಸಿಡಿ4 ಸಂಖ್ಯೆ ಹೇಳುವುದು ಬೇರೆಯದನ್ನು: ದೇಹದ ರಕ್ಷಣಾಶಕ್ತಿ ಎಷ್ಟಿದೆ ಎಂಬುದನ್ನು. ಅವಕಾಶವಾದಿ ಸೋಂಕುಗಳ ವಿಷಯದಲ್ಲಿ ಮುಖ್ಯವಾಗುವುದು ಈ ಎರಡನೆಯ ಸಂಖ್ಯೆ.

ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ಸಂಗಾತಿಗೆ ಹರಡುವುದಿಲ್ಲವೇ?

ಇಲ್ಲ. ಎಆರ್‌ಟಿಯನ್ನು ನಿಯಮಿತವಾಗಿ ಸೇವಿಸಿ ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಿಂದ ಇದು ದೃಢಪಟ್ಟಿದೆ. ಈ ಸಂಗತಿ ಇನ್ನೂ ಎಷ್ಟೋ ಜನರಿಗೆ ತಿಳಿದಿಲ್ಲ ಎಂಬುದು ನಿಜಕ್ಕೂ ನೋವಿನ ವಿಷಯ, ಏಕೆಂದರೆ ಅನಗತ್ಯ ಅಪರಾಧಭಾವದಲ್ಲಿ ಬದುಕುವವರು ಬಹಳ ಮಂದಿ. ಈ ರಕ್ಷಣೆ ಇತರ ಲೈಂಗಿಕ ಸೋಂಕುಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗೆ ಕಾಂಡೋಮ್ ಬೇಕು. ಸೂಜಿ ಹಂಚಿಕೊಳ್ಳುವುದಕ್ಕೂ ಇದು ಅನ್ವಯಿಸುವುದಿಲ್ಲ.

ಬೇರೆ ಕಾಯಿಲೆಯ ಔಷಧಗಳನ್ನು ಜೊತೆಗೆ ಸೇವಿಸಬಹುದೇ?

ಬಹಳಷ್ಟನ್ನು ಸೇವಿಸಬಹುದು, ಕೆಲವನ್ನು ಕೂಡದು, ಕೆಲವಕ್ಕೆ ಅಂತರ ಬೇಕು. ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಇರುವ ಆಮ್ಲಶಾಮಕ ಔಷಧಗಳು ಡೊಲುಟೆಗ್ರಾವಿರ್ ಅನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ಡೊಲುಟೆಗ್ರಾವಿರ್ ಅನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಸೇವಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ, ಆದರೆ ಊಟದ ಜೊತೆಗಾದರೆ ಇವನ್ನು ಡೊಲುಟೆಗ್ರಾವಿರ್ ಜೊತೆಯಲ್ಲೇ ಸೇವಿಸಬಹುದು. ಮಧುಮೇಹದ ಮೆಟ್‌ಫಾರ್ಮಿನ್ ಪ್ರಮಾಣ ರಕ್ತದಲ್ಲಿ ಏರುವುದರಿಂದ ಅದನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿ.ಗ್ರಾಂ.ಗೆ ಮಿತಿಗೊಳಿಸುತ್ತಾರೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮತ್ತು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್ ಮಟ್ಟವನ್ನು ತಗ್ಗಿಸುತ್ತವೆ. ರಿಟೊನಾವಿರ್ ಜೊತೆ ಸಿಮ್ವಾಸ್ಟಾಟಿನ್, ಅರೆತಲೆನೋವಿನ ಎರ್ಗೋಟಮಿನ್ ಮತ್ತು ಉಬ್ಬಸಕ್ಕೆ ಸೇದುವ ಫ್ಲುಟಿಕಾಸೋನ್ ಅಪಾಯಕಾರಿ. ಎಫಾವಿರೆಂಜ್ ಸೇವಿಸುವವರಲ್ಲಿ ತೋಳಿನ ಚರ್ಮದಡಿ ಇಡುವ ಗರ್ಭನಿರೋಧಕದ ಪರಿಣಾಮ ಕುಗ್ಗುತ್ತದೆ.

ಗಿಡಮೂಲಿಕೆ ಎಂಬ ಕಾರಣಕ್ಕೆ ಯಾವುದೂ ನಿರಪಾಯಕಾರಿ ಆಗುವುದಿಲ್ಲ. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಹಲವು ಎಚ್‌ಐವಿ ಔಷಧಗಳ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ಯಾವ ವೈದ್ಯರ ಬಳಿ ಹೋದರೂ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ ಕೈಯಲ್ಲಿರಲಿ.

ಅವಕಾಶವಾದಿ ಸೋಂಕು ಎಂದರೇನು?

ಆರೋಗ್ಯವಂತರ ದೇಹ ಸುಲಭವಾಗಿ ಅಂಕೆಯಲ್ಲಿಡುವ ಸೂಕ್ಷ್ಮಜೀವಿಗಳು, ರೋಗನಿರೋಧಕ ಶಕ್ತಿ ಕುಂದಿದಾಗ ತಲೆಯೆತ್ತಿ ಗಂಭೀರ ಕಾಯಿಲೆ ತರುತ್ತವೆ. ಅವೇ ಅವಕಾಶವಾದಿ ಸೋಂಕುಗಳು. ಸಿಡಿ4 ಕೆಳಗಿಳಿದಂತೆ ಹೊಸ ಹೊಸ ಅಪಾಯಗಳು ಸೇರಿಕೊಳ್ಳುತ್ತವೆ. ಕ್ಷಯ ಮತ್ತು ಸಾಮಾನ್ಯ ನ್ಯುಮೋನಿಯಾ ಸಿಡಿ4 ಚೆನ್ನಾಗಿದ್ದಾಗಲೂ ಬರಬಹುದು. ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದರೆ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ, 100ಕ್ಕಿಂತ ಕೆಳಗೆ ಮೆದುಳಿನ ಟಾಕ್ಸೊಪ್ಲಾಸ್ಮಾ ಮತ್ತು ಕ್ರಿಪ್ಟೋಕಾಕಸ್ ಸೋಂಕು, 50ಕ್ಕಿಂತ ಕೆಳಗೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುವ ಸೈಟೊಮೆಗಾಲೊ ವೈರಸ್ ಹಾಗೂ ಕ್ಷಯದ ಸಂಬಂಧಿಯಾದ ಎಂಎಸಿ ಬ್ಯಾಕ್ಟೀರಿಯಾದ ಸೋಂಕು ಹೆಚ್ಚು. ಇವೆಲ್ಲಕ್ಕೂ ಅತ್ಯುತ್ತಮ ತಡೆ ಎಆರ್‌ಟಿಯೇ. ಆದರೆ ಸಿಡಿ4 ಏರಲು ತಿಂಗಳುಗಳು ಬೇಕು, ಮತ್ತು ಆ ತಿಂಗಳುಗಳಲ್ಲಿಯೇ ಅಪಾಯ ಹೆಚ್ಚು. ತಡೆ ಮಾತ್ರೆಗಳು ಬೇಕಾಗುವುದು ಆ ಅವಧಿಗಾಗಿ.

ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನು ಏಕೆ ಕೊಡುತ್ತಾರೆ?

ಸಲ್ಫಮೆಥಾಕ್ಸಜೋಲ್ ಮತ್ತು ಟ್ರೈಮೆಥೊಪ್ರಿಮ್ ಎಂಬ ಎರಡು ಔಷಧಗಳು ಸೇರಿದ ಈ ಹಳೆಯ ಮಾತ್ರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಟಾಕ್ಸೊಪ್ಲಾಸ್ಮಾ ಮತ್ತು ಹಲವು ಬ್ಯಾಕ್ಟೀರಿಯಾ ಸೋಂಕುಗಳನ್ನು ಒಟ್ಟಿಗೇ ತಡೆಯುತ್ತದೆ. ವಯಸ್ಕರಿಗೆ ಸಾಮಾನ್ಯ ಪ್ರಮಾಣ ದಿನಕ್ಕೊಮ್ಮೆ 960 ಮಿ.ಗ್ರಾಂ. ಸಿಡಿ4 200ಕ್ಕಿಂತ ಕಡಿಮೆಯಿರುವವರಿಗೆ ಇದು ಅತ್ಯಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಲ್ಲಿ ಈ ಗಡಿ 350. ಮಲೇರಿಯಾ ಅಥವಾ ತೀವ್ರ ಬ್ಯಾಕ್ಟೀರಿಯಾ ಸೋಂಕುಗಳು ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಸಿಡಿ4 ನೋಡದೆಯೇ ಕೊಡಬಹುದು.

ಗಂಧೆ, ಜ್ವರ, ರಕ್ತಕಣಗಳ ಇಳಿಕೆ, ಪೊಟ್ಯಾಸಿಯಂ ಏರಿಕೆ ಇದರ ಮುಖ್ಯ ಅಡ್ಡಪರಿಣಾಮಗಳು. ಸಲ್ಫಾ ಅಲರ್ಜಿ ಇದ್ದವರು ಮೊದಲೇ ತಿಳಿಸಬೇಕು. ಪ್ರತಿಕ್ರಿಯೆ ಸೌಮ್ಯವಾಗಿದ್ದರೆ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುವ ವಿಧಾನ ಹಲವರಲ್ಲಿ ಯಶಸ್ವಿಯಾಗುತ್ತದೆ. ತೀವ್ರವಾಗಿದ್ದರೆ ಆ ಪ್ರಯತ್ನ ಮಾಡುವಂತಿಲ್ಲ. ಪರ್ಯಾಯವಾಗಿ ಡ್ಯಾಪ್ಸೋನ್ ಇದೆ, ಆದರೆ ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಮೊದಲು ಆ ಪರೀಕ್ಷೆ ಆಗಬೇಕು. ಅಲ್ಲದೆ ಡ್ಯಾಪ್ಸೋನ್ ಒಂದೇ ಟಾಕ್ಸೊಪ್ಲಾಸ್ಮಾವನ್ನು ತಡೆಯಲಾರದು. ಪೈರಿಮೆಥಮಿನ್ ಜೊತೆ ಸೇರಿಸಬೇಕಾಗುತ್ತದೆ.

ಈ ತಡೆ ಮಾತ್ರೆಯನ್ನು ಯಾವಾಗ ನಿಲ್ಲಿಸಬಹುದು?

ಎಆರ್‌ಟಿಯಿಂದ ಸಿಡಿ4 ಏರಿ, ಆ ಏರಿಕೆ ಸ್ಥಿರವಾಗಿ ಉಳಿದಿದೆಯೆಂದು ಖಚಿತವಾದಾಗ. ಕೆಲವು ಮಾರ್ಗಸೂಚಿಗಳು ಸಿಡಿ4 200ಕ್ಕಿಂತ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಸಾಕೆನ್ನುತ್ತವೆ. ಇನ್ನು ಕೆಲವು 350 ದಾಟಿ ವೈರಲ್ ಲೋಡ್ ಹತೋಟಿಯಲ್ಲಿರಬೇಕೆನ್ನುತ್ತವೆ. ನೀವು ಚಿಕಿತ್ಸೆ ಪಡೆಯುವಲ್ಲಿನ ನಿಯಮವನ್ನು ಕೇಳಿ ತಿಳಿದುಕೊಳ್ಳಿ. "ಮಾತ್ರೆ ನಿಲ್ಲಿಸಿ" ಎಂದು ವೈದ್ಯರು ಹೇಳಿದಾಗ ಯಾವ ಮಾತ್ರೆ ಎಂಬುದನ್ನು ಹೆಸರು ಹಿಡಿದು ಕೇಳಿ, ಬರೆಸಿಕೊಳ್ಳಿ. ಕೋಟ್ರೈಮಾಕ್ಸಜೋಲ್ ನಿಲ್ಲಿಸಲು ಹೇಳಿದ್ದನ್ನು ಎಆರ್‌ಟಿ ನಿಲ್ಲಿಸಲು ಹೇಳಿದರೆಂದು ತಿಳಿಯುವ ಸಂಭವ ಇದ್ದೇ ಇದೆ.

ಕ್ಷಯದ ವಿಷಯದಲ್ಲಿ ಏಕಿಷ್ಟು ಎಚ್ಚರಿಕೆ?

ಎಚ್‌ಐವಿ ಇರುವವರ ಸಾವಿಗೆ ಜಗತ್ತಿನಲ್ಲಿ ಇಂದಿಗೂ ಪ್ರಮುಖ ಕಾರಣ ಕ್ಷಯ. ಕೆಮ್ಮು, ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು, ಈ ನಾಲ್ಕರಲ್ಲಿ ಯಾವುದಾದರೂ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳಬೇಕು. ಕೇಳದಿದ್ದರೆ ನೀವೇ ಹೇಳಬೇಕು. ಕೆಮ್ಮು ಎಷ್ಟು ದಿನದ್ದು ಎಂಬುದು ಇಲ್ಲಿ ಮುಖ್ಯವಲ್ಲ, ಇದ್ದರೆ ತಪಾಸಣೆ ಆಗಬೇಕು.

ಸಕ್ರಿಯ ಕ್ಷಯ ಇಲ್ಲವೆಂದು ತಿಳಿದ ಮೇಲೆ ತಡೆ ಚಿಕಿತ್ಸೆ ಕೊಡುತ್ತಾರೆ. ಐಸೊನಿಯಾಜಿಡ್ ಅನ್ನು ಪ್ರತಿದಿನ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಸೇವಿಸುವುದು ಒಂದು ಬಗೆ. ಐಸೊನಿಯಾಜಿಡ್ ಮತ್ತು ರಿಫಾಪೆಂಟಿನ್ ಅನ್ನು ವಾರಕ್ಕೊಮ್ಮೆ, ಒಟ್ಟು ಹನ್ನೆರಡು ವಾರ ಸೇವಿಸುವುದು ಇನ್ನೊಂದು. ಇವೆರಡನ್ನೇ ಪ್ರತಿದಿನ ಒಂದು ತಿಂಗಳು ಸೇವಿಸುವ ಕ್ರಮವೂ ಇದೆ. ಐಸೊನಿಯಾಜಿಡ್‌ನಿಂದ ಕೈಕಾಲು ಜುಮುಗುಡುವುದನ್ನು ತಪ್ಪಿಸಲು ವಿಟಮಿನ್ ಬಿ6 ಸೇರಿಸುತ್ತಾರೆ. ಹಸಿವಾಗದಿರುವುದು, ವಾಂತಿ, ಕಡುಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಯಕೃತ್ತಿಗೆ ತೊಂದರೆಯಾಗಿರಬಹುದು. ಆಗ ಈ ತಡೆ ಮಾತ್ರೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಕ್ಷಯ ಈಗಾಗಲೇ ಇದ್ದರೆ ಅದರ ಚಿಕಿತ್ಸೆ ಮೊದಲು, ಎರಡು ವಾರಗಳೊಳಗೆ ಎಆರ್‌ಟಿ. ರಿಫಾಂಪಿಸಿನ್ ಸೇವಿಸುವವರಿಗೆ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಅನ್ನು ದಿನಕ್ಕೆರಡು ಬಾರಿ ಕೊಡಬೇಕು, ಮತ್ತು ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ ಹಾಗೆಯೇ ಮುಂದುವರಿಸಬೇಕು. ಈ ಸಂಜೆಯ ಹೆಚ್ಚುವರಿ ಮಾತ್ರೆಯೇ ಹೆಚ್ಚಾಗಿ ಮರೆತುಹೋಗುವುದು.

ಕ್ರಿಪ್ಟೋಕಾಕಸ್ ಪರೀಕ್ಷೆ ಯಾರಿಗೆ ಬೇಕು?

ಸಿಡಿ4 100ಕ್ಕಿಂತ ಕಡಿಮೆ ಇರುವ ಎಲ್ಲರಿಗೂ ಬೇಕು, 200ರವರೆಗಿನವರಿಗೂ ಮಾಡಬಹುದು. ರಕ್ತದಲ್ಲಿ ಈ ಶಿಲೀಂಧ್ರದ ಅಂಶ, ಮೆದುಳಿನ ಪೊರೆಯ ಕಾಯಿಲೆ ಕಾಣಿಸಿಕೊಳ್ಳುವ ವಾರಗಳ ಮೊದಲೇ ಪತ್ತೆಯಾಗುತ್ತದೆ. ಪತ್ತೆಯಾದವರಲ್ಲಿ ಮೆದುಳಿನ ಪೊರೆಗೆ ಸೋಂಕು ಹರಡಿಲ್ಲವೆಂದು ಖಚಿತಪಡಿಸಿಕೊಂಡು ಫ್ಲುಕೊನಜೋಲ್ ಕೊಟ್ಟು ಕಾಯಿಲೆಯನ್ನು ತಡೆಯಬಹುದು. ಕಾಯಿಲೆ ಬಂದೇಬಿಟ್ಟಿದ್ದರೆ ಆಸ್ಪತ್ರೆಯಲ್ಲೇ ಚಿಕಿತ್ಸೆಯಾಗಬೇಕು. ಲೈಪೊಸೋಮಲ್ ಆಂಫೊಟೆರಿಸಿನ್ ಔಷಧದ ಒಂದೇ ದೊಡ್ಡ ಡೋಸ್, ಜೊತೆಗೆ ಎರಡು ವಾರ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಕೊಡುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಸೂಚಿಸುತ್ತಿದೆ. ಎಂಎಸಿ ಸೋಂಕನ್ನು ತಡೆಯಲು ಹಿಂದೆ ವಾರಕ್ಕೊಮ್ಮೆ ಅಜಿಥ್ರೊಮೈಸಿನ್ ಕೊಡುತ್ತಿದ್ದರು. ಎಆರ್‌ಟಿ ಕೂಡಲೇ ಆರಂಭವಾಗುವುದಾದರೆ ಈಗ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಎಆರ್‌ಟಿ ಆರಂಭಿಸಿದ ಮೇಲೆ ಆರೋಗ್ಯ ಇನ್ನಷ್ಟು ಕೆಟ್ಟಿತು. ಔಷಧ ಹಿಡಿಸಲಿಲ್ಲವೇ?

ಇರಬೇಕೆಂದಿಲ್ಲ. ಸಿಡಿ4 ಬಹಳ ಕಡಿಮೆಯಿದ್ದವರಲ್ಲಿ, ಚೇತರಿಸಿಕೊಳ್ಳುತ್ತಿರುವ ರೋಗನಿರೋಧಕ ವ್ಯವಸ್ಥೆಯು ಅಲ್ಲಿಯವರೆಗೆ ಸದ್ದಿಲ್ಲದೆ ಅಡಗಿದ್ದ ಸೋಂಕನ್ನು ಗುರುತಿಸಿ ಅದರ ಮೇಲೆ ಒಮ್ಮೆಲೇ ಎರಗಿದಾಗ ಜ್ವರ, ಗಂಟಲಿನ ಗ್ರಂಥಿಗಳ ಊತ, ಕೆಮ್ಮು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಹೀಗಾಗುತ್ತದೆ. ಆಗ ಅಡಗಿದ್ದ ಸೋಂಕನ್ನು ಹುಡುಕಿ ಚಿಕಿತ್ಸೆ ಕೊಡುತ್ತಾರೆ, ಕೆಲವೊಮ್ಮೆ ಸ್ಟೀರಾಯ್ಡ್ ಬೇಕಾಗುತ್ತದೆ, ಎಆರ್‌ಟಿಯನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ತಾವಾಗಿಯೇ ಔಷಧ ಬಿಟ್ಟು ಮನೆಯಲ್ಲಿ ಕುಳಿತುಬಿಡುವುದೇ ಇಲ್ಲಿ ಅತಿ ಅಪಾಯಕರ.

ಗರ್ಭಿಣಿಯರು ಮತ್ತು ಮಕ್ಕಳು ಈ ಔಷಧಗಳನ್ನು ಸೇವಿಸಬಹುದೇ?

ಸೇವಿಸಲೇಬೇಕು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಗರ್ಭಾವಸ್ಥೆ, ಹೆರಿಗೆ ಮತ್ತು ಎದೆಹಾಲಿನ ಮೂಲಕ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45; ಸರಿಯಾದ ಚಿಕಿತ್ಸೆಯಿಂದ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ, ತಾಯಿಯ ವೈರಲ್ ಲೋಡ್ ಮೊದಲಿನಿಂದಲೂ ಹತೋಟಿಯಲ್ಲಿದ್ದರೆ ಶೇ. 1ಕ್ಕಿಂತಲೂ ಕಡಿಮೆಯಾಗುತ್ತದೆ. ಡೊಲುಟೆಗ್ರಾವಿರ್‌ನಿಂದ ಭ್ರೂಣದ ನರಕೊಳವೆಗೆ ತೊಂದರೆಯಾಗಬಹುದೆಂಬ ಆತಂಕ 2018ರಲ್ಲಿ ಎದ್ದಿತ್ತು. ಆಮೇಲೆ ಹೆಚ್ಚಿನ ಸಂಖ್ಯೆಯ ಹೆರಿಗೆಗಳ ಮಾಹಿತಿ ಸೇರಿದಾಗ ಇತರ ಔಷಧಗಳಿಗೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಈಗ ಅದು ಗರ್ಭಿಣಿಯರಿಗೂ ಮೊದಲ ಆಯ್ಕೆ.

ಹುಟ್ಟಿದ ಮಗುವಿಗೆ ಕೆಲವು ವಾರ ನೆವಿರಾಪಿನ್ ಅಥವಾ ಜಿಡೋವುಡಿನ್ ಹನಿ ಕೊಡುತ್ತಾರೆ. ನಾಲ್ಕರಿಂದ ಆರು ವಾರದ ವಯಸ್ಸಿನಿಂದ, ಸೋಂಕಿಲ್ಲವೆಂದು ಖಚಿತವಾಗುವವರೆಗೆ ಕೋಟ್ರೈಮಾಕ್ಸಜೋಲ್ ಕೊಡುವುದು ವಾಡಿಕೆ. ಸೋಂಕು ತಗುಲಿದ ಮಕ್ಕಳಿಗೆ ನೀರಿನಲ್ಲಿ ಕರಗುವ 10 ಮಿ.ಗ್ರಾಂ.ನ ಡೊಲುಟೆಗ್ರಾವಿರ್ ಮಾತ್ರೆಗಳಿವೆ. ನಾಲ್ಕು ವಾರ ತುಂಬಿ ಮೂರು ಕಿಲೋ ತೂಗುವ ಮಗುವಿಗೂ ಇದನ್ನು ಕೊಡಬಹುದು. ಲೋಟದ ತಳದಲ್ಲಿ ಔಷಧದ ಪುಡಿ ಉಳಿಯುವುದರಿಂದ ಇನ್ನಷ್ಟು ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿಸಬೇಕು. ಮಗುವಿನ ತೂಕ ಏರಿದಂತೆ ಪ್ರಮಾಣವೂ ಏರುವುದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡುವುದು ಕಡ್ಡಾಯ.

ಲಸಿಕೆಗಳನ್ನು ಹಾಕಿಸಿಕೊಳ್ಳಬಹುದೇ?

ನ್ಯುಮೊಕಾಕಲ್, ಫ್ಲೂ, ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ ಲಸಿಕೆಗಳು ಸುರಕ್ಷಿತ, ಹಾಕಿಸಿಕೊಳ್ಳಬೇಕಾದವೂ ಹೌದು. ದಡಾರದಂಥ ಜೀವಂತ ವೈರಸ್ ಇರುವ ಲಸಿಕೆಗಳನ್ನು ಸಿಡಿ4 200ಕ್ಕಿಂತ ಕಡಿಮೆಯಿರುವಾಗ ಕೊಡುವುದಿಲ್ಲ.

ಮಾತ್ರೆಯ ಬದಲು ಚುಚ್ಚುಮದ್ದು ಇದೆಯಂತೆ?

ಇದೆ. ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಎಂಬ ಎರಡು ಔಷಧಗಳನ್ನು ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುತ್ತಾರೆ. ವೈರಲ್ ಲೋಡ್ ಈಗಾಗಲೇ ಹತೋಟಿಯಲ್ಲಿದ್ದು, ಹೆಪಟೈಟಿಸ್ ಬಿ ಇಲ್ಲದೆ, ಈ ಔಷಧಗಳಿಗೆ ಪ್ರತಿರೋಧವೂ ಇಲ್ಲದವರಿಗೆ ಇದು ಸೂಕ್ತ. ಮಾತ್ರೆಯ ಡಬ್ಬಿಯನ್ನು ಮನೆಯಲ್ಲಿಟ್ಟುಕೊಳ್ಳಲಾಗದವರಿಗೆ ಇದು ದೊಡ್ಡ ವರ. ಆದರೆ ಚುಚ್ಚುಮದ್ದಿನ ದಿನ ತಪ್ಪಿದರೆ ಔಷಧದ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಪ್ರತಿರೋಧಕ್ಕೆ ಅವಕಾಶವಾಗುವುದರಿಂದ, ದಿನಾಂಕ ಪಾಲಿಸುವ ಶಿಸ್ತು ಇಲ್ಲೂ ಬೇಕು.

ಸೋಂಕಿಲ್ಲದವರು ತಗಲದಂತೆ ಔಷಧ ಸೇವಿಸಬಹುದೇ?

ಸೋಂಕು ತಗಲಿರಬಹುದಾದ ಘಟನೆಯ ನಂತರವಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಔಷಧ ಸೇವಿಸಬೇಕು. ಇದನ್ನು ಪೆಪ್ ಎನ್ನುತ್ತಾರೆ. ಸೂಜಿ ಚುಚ್ಚಿಕೊಂಡ ಆರೋಗ್ಯ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದು ತುರ್ತು ಚಿಕಿತ್ಸೆ; ಬೆಳಗಾಗಲೆಂದು ಕಾಯಬಾರದು. ಅಪಾಯ ಮುಂದುವರಿಯುವ ಸ್ಥಿತಿಯಲ್ಲಿರುವವರಿಗೆ ಮುಂಚಿತವಾಗಿ ಸೇವಿಸುವ ಪ್ರೆಪ್ ಇದೆ. ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಮಾತ್ರೆ, ಎರಡು ತಿಂಗಳಿಗೊಮ್ಮೆಯ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದು, ಮತ್ತು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ, ಆರು ತಿಂಗಳಿಗೊಮ್ಮೆಯ ಲೆನಕಪವಿರ್ ಚುಚ್ಚುಮದ್ದು ಇದಕ್ಕಿವೆ. ಪ್ರೆಪ್‌ಗೆ ಮುನ್ನ ಎಚ್‌ಐವಿ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗಬೇಕು.

ಎಚ್‌ಐವಿ ಪೂರ್ತಿ ಗುಣವಾಗುವ ಔಷಧ ಬಂದಿದೆಯೇ?

ಬಂದಿಲ್ಲ. ರಕ್ತದ ಕ್ಯಾನ್ಸರ್‌ಗಾಗಿ ಅಸ್ಥಿಮಜ್ಜೆಯ ಆಕರಕೋಶಗಳ ಕಸಿ ಮಾಡಿಸಿಕೊಂಡ ಟಿಮೊತಿ ರೇ ಬ್ರೌನ್ ಮತ್ತು ಅವರ ನಂತರ ಬೆರಳೆಣಿಕೆಯ ಮಂದಿ ಗುಣವಾಗಿದ್ದಾರೆ. ಆ ಕಸಿ ಸ್ವತಃ ಪ್ರಾಣಾಪಾಯದ ಚಿಕಿತ್ಸೆಯಾದ್ದರಿಂದ ಕ್ಯಾನ್ಸರ್ ಇಲ್ಲದವರಿಗೆ ಅದು ದಾರಿಯಲ್ಲ. ಗುಣಪಡಿಸುತ್ತೇವೆಂದು ಹೇಳಿ ಎಆರ್‌ಟಿ ಬಿಡಿಸುವವರ ಮಾತನ್ನು ನಂಬಬೇಡಿ.

ಔಷಧ ಬಿಟ್ಟು ತಿಂಗಳುಗಳಾಗಿವೆ. ಈಗ ಹೋದರೆ ಬೈಯುತ್ತಾರೇನೋ. ಹೋಗಬೇಕೇ?

ಹೋಗಿ, ಸಾಧ್ಯವಾದರೆ ಇಂದೇ ಹೋಗಿ. ಚಿಕಿತ್ಸೆ ಬಿಟ್ಟು ಮರಳಿ ಬರುವವರು ಎಲ್ಲ ಕಡೆಯೂ ಇದ್ದಾರೆ, ಮತ್ತು ಮರಳಿ ಬಂದವರನ್ನು ಗೌರವದಿಂದ ಬರಮಾಡಿಕೊಳ್ಳುವುದು ಚಿಕಿತ್ಸಾ ಕೇಂದ್ರದವರ ಕರ್ತವ್ಯ. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ನೀವಾಗಿಯೇ ಆರಂಭಿಸದೆ, ಡಬ್ಬಿ ಸಮೇತ ಕೊಂಡೊಯ್ಯಿರಿ. ಯಾವ ಔಷಧ ಸೇವಿಸುತ್ತಿದ್ದಿರಿ, ಎಂದಿನಿಂದ ಬಿಟ್ಟಿರಿ ಎಂಬುದು ಅದರಿಂದ ತಿಳಿಯುತ್ತದೆ. ಬಿಟ್ಟ ಅವಧಿಯಲ್ಲಿ ಸಿಡಿ4 ಇಳಿದಿರಬಹುದಾದ್ದರಿಂದ ಆ ಪರೀಕ್ಷೆಯನ್ನು ಮೊದಲ ದಿನವೇ ಕೇಳಿ. ಅದು 200ಕ್ಕಿಂತ ಕಡಿಮೆಯಿದ್ದರೆ ಕ್ಷಯ ಮತ್ತು ಕ್ರಿಪ್ಟೋಕಾಕಸ್ ತಪಾಸಣೆ ಆಗಬೇಕು, ಹಿಂದೆ ನಿಲ್ಲಿಸಿದ್ದ ಕೋಟ್ರೈಮಾಕ್ಸಜೋಲ್ ಮತ್ತೆ ಆರಂಭವಾಗಬೇಕು. ಬಹುತೇಕರಿಗೆ ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನೇ ಮತ್ತೆ ಕೊಡುತ್ತಾರೆ, ಮತ್ತು ಬಹುತೇಕರಲ್ಲಿ ಅದು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಕೆಲವು ತಿಂಗಳ ಬಳಿಕ ಮಾಡುವ ವೈರಲ್ ಲೋಡ್ ಪರೀಕ್ಷೆಯ ದಿನಾಂಕವನ್ನು ಅಂದೇ ಬರೆಸಿಕೊಂಡು ಬನ್ನಿ.